ಬಾಡಿಗೆ ಮನೆಯ ಕಾನೂನು: ಮಾಲೀಕರ ಹಕ್ಕು, ಬಾಡಿಗೆದಾರರ ಹಕ್ಕು

ಕರ್ನಾಟಕದಲ್ಲಿ ವಾಸದ ಮನೆಯ ಬಾಡಿಗೆಗೆ ಮುಖ್ಯವಾಗಿ ಎರಡು ಕಾಯ್ದೆಗಳು ಅನ್ವಯಿಸುತ್ತವೆ. ಒಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ ಈ ಕಾಯ್ದೆ ಇಡೀ ದೇಶಕ್ಕೆ ಸೇರಿದ್ದು. ಇನ್ನೊಂದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಹೆಸರಿನಲ್ಲಿ 1999 ಎಂದಿದ್ದರೂ ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬಾಡಿಗೆದಾರರಿಗೆ ಹೆಚ್ಚಿನ ರಕ್ಷಣೆ ಇರುವುದು ಎರಡನೆಯದರಲ್ಲಿ. ಆದರೆ ಇಂದು ಬಾಡಿಗೆ ಮನೆಯಲ್ಲಿ ಇರುವವರಲ್ಲಿ ಬಹುತೇಕರು ಆ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಮನೆಗಳನ್ನು ಕಾಯ್ದೆ ತನ್ನ ಹೊರಗಿಟ್ಟಿದೆ. ಹೊಸದಾಗಿ ಕಟ್ಟಿದ ಮನೆಗಳಿಗೂ 15 ವರ್ಷಗಳ ವಿನಾಯಿತಿ ಉಂಟು. 2001ರಲ್ಲಿ ಮಧ್ಯಮ ವರ್ಗದ ಸಾಕಷ್ಟು ಮನೆಗಳು ಈ ಮಿತಿಯ ಒಳಗಿದ್ದವು. ಈಗ ಬೆಂಗಳೂರಿನ ಹೊರವಲಯದ ಒಂದು ಕೋಣೆಗೂ ಆ ಬಾಡಿಗೆ ಸಾಲದು.

ಹಾಗಾಗಿ ಉಳಿದವರಿಗೆಲ್ಲ ಆಸರೆಯಾಗಿರುವುದು 1882ರ ಕಾಯ್ದೆ ಮತ್ತು ಕೈಯಲ್ಲಿರುವ ಕರಾರು ಪತ್ರ. ಈ ಹಳೆಯ ಕಾಯ್ದೆ ಬಾಡಿಗೆ ಎಷ್ಟಿರಬೇಕೆಂದು ಹೇಳುವುದಿಲ್ಲ, ಅಡ್ವಾನ್ಸಿಗೆ ಮಿತಿ ಹಾಕುವುದಿಲ್ಲ, ಅವಧಿ ಮುಗಿದ ಮೇಲೂ ಇರಲು ಬಿಡಿ ಎಂದು ಮಾಲೀಕರನ್ನು ಒತ್ತಾಯಿಸುವುದೂ ಇಲ್ಲ. ಇಬ್ಬರೂ ಒಪ್ಪಿ ಬರೆದುಕೊಂಡದ್ದೇ ಅದಕ್ಕೆ ಪ್ರಮಾಣ. ಬರೆದುಕೊಳ್ಳದೆ ಬಿಟ್ಟ ಜಾಗಗಳನ್ನು ಮಾತ್ರ ಅದು ತುಂಬುತ್ತದೆ. ಬಾಡಿಗೆದಾರರಿಗೆ ಗಟ್ಟಿಯಾಗಿ ಉಳಿದಿರುವುದು ಒಂದೇ ಹಕ್ಕು: ನ್ಯಾಯಾಲಯದ ಆದೇಶವಿಲ್ಲದೆ ಅವರನ್ನು ಬಲವಂತವಾಗಿ ಹೊರಹಾಕುವಂತಿಲ್ಲ. ಇಂದಿನ ಬಾಡಿಗೆ ಜಗಳಗಳಲ್ಲಿ ಹೆಚ್ಚಿನವು ಈ ಒಂದು ಹಕ್ಕು ಮತ್ತು ಮಾಲೀಕರ ಕೈಯಲ್ಲಿರುವ ಅಡ್ವಾನ್ಸ್ ಹಣ, ಇವೆರಡರ ನಡುವಿನ ಜಗ್ಗಾಟಗಳೇ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಟ್ಟಣಗಳಿಗೆ ಜನ ನುಗ್ಗಿ ಮನೆಗಳ ಅಭಾವ ಉಂಟಾದಾಗ ದೇಶದ ಹಲವೆಡೆ ಬಾಡಿಗೆ ನಿಯಂತ್ರಣ ಬಂತು. ಮೈಸೂರು ಸಂಸ್ಥಾನವೂ ಅದಕ್ಕೆ ಹೊರತಾಗಿರಲಿಲ್ಲ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ 1947ರ ಮುಂಬೈ ಬಾಡಿಗೆ ಕಾಯ್ದೆ ನಡೆಯುತ್ತಿತ್ತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಅದರ ಪ್ರಕಾರ ಮನೆ ಖಾಲಿಯಾದರೆ ಮಾಲೀಕರು ರೆಂಟ್ ಕಂಟ್ರೋಲರಿಗೆ ತಿಳಿಸಬೇಕಿತ್ತು. ಕಂಟ್ರೋಲರು ಬೇಕೆನಿಸಿದರೆ ಆ ಮನೆಯನ್ನು ಸರ್ಕಾರಿ ನೌಕರರಿಗೆ ಹಂಚಬಹುದಿತ್ತು. ಬಾಡಿಗೆಗೆ ಕಡಿವಾಣ ಇತ್ತು, ತೆರವಿಗೆ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣಗಳೇ ಬೇಕಿತ್ತು. ಹೀಗಾಗಿ ಹಳೆಯ ಬಡಾವಣೆಗಳಲ್ಲಿ ನೂರಿನ್ನೂರು ರೂಪಾಯಿ ಬಾಡಿಗೆಯಲ್ಲೇ ಎರಡು ತಲೆಮಾರು ಕಳೆದ ಕುಟುಂಬಗಳೂ, ಸ್ವಂತ ಮನೆ ಬಿಡಿಸಿಕೊಳ್ಳಲು ಹತ್ತಿಪ್ಪತ್ತು ವರ್ಷ ಕೋರ್ಟಿಗೆ ಅಲೆದ ಮಾಲೀಕರೂ ಇದ್ದರು. ದುರಸ್ತಿಗೆ ಹಣ ಹಾಕಲು ಮಾಲೀಕರಿಗೆ ಮನಸ್ಸಿಲ್ಲದೆ ಕಟ್ಟಡಗಳು ಹಾಳಾದವು, ಮನೆ ಇದ್ದವರೂ ಬಾಡಿಗೆಗೆ ಕೊಡಲು ಹೆದರಿ ಬೀಗ ಹಾಕಿ ಇಟ್ಟರು. ದಶಕಗಳ ಹಿಂದಿನ ಮಟ್ಟದಲ್ಲೇ ಬಾಡಿಗೆಯನ್ನು ಕಟ್ಟಿಹಾಕುವುದು ನ್ಯಾಯಸಮ್ಮತವಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಮುಂಬೈ ಕಾಯ್ದೆಯ ಪ್ರಕರಣವೊಂದರಲ್ಲಿ ಹೇಳಿತು. 1999ರ ಕರ್ನಾಟಕ ಕಾಯ್ದೆ ಹುಟ್ಟಿದ್ದು ಈ ವಾತಾವರಣದಲ್ಲಿ. ರಕ್ಷಣೆಯನ್ನು ಬಡ ಬಾಡಿಗೆದಾರರಿಗೆ ಮೀಸಲಿಟ್ಟು ಉಳಿದ ಮಾರುಕಟ್ಟೆಯನ್ನು ಕರಾರಿಗೆ ಬಿಡುವುದು ಅದರ ಲೆಕ್ಕಾಚಾರ. ಮಿತಿಯನ್ನು ಕಾಲಕಾಲಕ್ಕೆ ಏರಿಸದೆ ಬಿಟ್ಟದ್ದರಿಂದ ಬಡವರೂ ಅದರಿಂದ ಹೊರಗುಳಿದರು.

ಕರಾರು ಪತ್ರದ ವಿಷಯಕ್ಕೆ ಬಂದರೆ, ರಾಜ್ಯದಲ್ಲಿ ಬರೆಯುವ ಬಾಡಿಗೆ ಅಗ್ರಿಮೆಂಟುಗಳಲ್ಲಿ ಹೆಚ್ಚಿನವು 11 ತಿಂಗಳಿನವು. ಇದಕ್ಕೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಅವಧಿಯ, ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು ಎನ್ನುತ್ತದೆ ಅದರ 17ನೇ ಕಲಂ. ಹನ್ನೊಂದು ತಿಂಗಳಿಗೆ ನಿಲ್ಲಿಸಿದರೆ ಆ ಖರ್ಚೂ ಓಡಾಟವೂ ತಪ್ಪುತ್ತದೆ. ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವ ಮನೆಗಳಿಗೆ ಈ ಉಪಾಯ ಹೊಂದುವುದಿಲ್ಲ, ಅಲ್ಲಿ ಲಿಖಿತ ಕರಾರೂ ನೋಂದಣಿಯೂ ಕಡ್ಡಾಯ. ಆದರೆ ಅಂಥ ಮನೆಗಳು ಎಷ್ಟು ಉಳಿದಿವೆ ಎಂಬುದನ್ನು ಮೇಲೆಯೇ ನೋಡಿದ್ದಾಯಿತು.

ಮೂರು ವರ್ಷಕ್ಕೆಂದು ಬರೆದು ನೋಂದಾಯಿಸದೆ ಬಿಟ್ಟರೆ ಏನಾಗುತ್ತದೆ? ಪತ್ರ ಪೂರ್ತಿ ಕಸವಾಗುವುದಿಲ್ಲ. ಬಾಡಿಗೆದಾರ ಮನೆಯಲ್ಲಿದ್ದು ಬಾಡಿಗೆ ಕೊಡುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟಪಡಿಸಿದೆ. ಆದರೆ ಮೂರು ವರ್ಷದ ಭರವಸೆ ಇಬ್ಬರಿಗೂ ತಪ್ಪುತ್ತದೆ. ಮುದ್ರಾಂಕ ಶುಲ್ಕದ ತೊಂದರೆ ಇದಕ್ಕಿಂತ ದೊಡ್ಡದು. ನೂರೋ ಇನ್ನೂರೋ ರೂಪಾಯಿಯ ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ ನೋಟರಿ ಮುದ್ರೆ ಒತ್ತಿಸಿದರೆ ಮುಗಿಯಿತು ಎಂದು ಹಲವರು ತಿಳಿದಿದ್ದಾರೆ. ನೋಟರಿಯ ಮುದ್ರೆ ನೋಂದಣಿಗೆ ಸಮನಲ್ಲ. ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೆ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ, ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವ ತನಕ ಆ ಪತ್ರವನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಜಗಳ ಕೋರ್ಟು ಹತ್ತಿದ ದಿನ ಇದು ಗೊತ್ತಾಗುವುದು ವಾಡಿಕೆ.

ಅಗ್ರಿಮೆಂಟಿನ ಒಕ್ಕಣೆ ಸಾಮಾನ್ಯವಾಗಿ ಸ್ಟಾಂಪ್ ಮಾರುವ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ಹೆಸರು, ವಿಳಾಸ, ಮೊತ್ತ ಬದಲಿಸಿ ಅಚ್ಚು ಹಾಕಿ ಕೊಡುತ್ತಾರೆ. ಅದರಲ್ಲಿ ಮಾಲೀಕರ ಪರವಾದ ಷರತ್ತುಗಳೇ ಹೆಚ್ಚು. ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು ಎಂಬ ಸಾಲು ಎಲ್ಲ ಪತ್ರಗಳಲ್ಲೂ ಇರುವುದಕ್ಕೆ ಕಾರಣವಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇಡ ಎಂದಿಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಅದನ್ನು ತಡೆಯಲೆಂದೇ ಆ ಸಾಲು.

ಮನೆಯನ್ನು ಯಾರಿಗೆ ಕೊಡಬೇಕು ಎಂಬ ಆಯ್ಕೆ ಬಹುಮಟ್ಟಿಗೆ ಮಾಲೀಕರದು. ‘ಫ್ಯಾಮಿಲಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡುಗಳನ್ನು ನೇರವಾಗಿ ತಡೆಯುವ ಕಾನೂನು ಇಲ್ಲ. ಸಂವಿಧಾನದ 15ನೇ ವಿಧಿಯ ತಾರತಮ್ಯ ನಿಷೇಧ ಪ್ರಧಾನವಾಗಿ ಸರ್ಕಾರದ ನಡತೆಗೆ ಸಂಬಂಧಿಸಿದ್ದು, ಖಾಸಗಿ ಮನೆಯ ಮಾಲೀಕರಿಗೆ ಅದು ತಾಗುವುದು ಕಷ್ಟ. ಒಂದು ಕಡೆ ಮಾತ್ರ ಕಾನೂನು ನಿಷ್ಠುರವಾಗಿದೆ: ಅಸ್ಪೃಶ್ಯತೆಯ ಕಾರಣಕ್ಕೆ ಮನೆ ಬಾಡಿಗೆಗೆ ಕೊಡಲು ನಿರಾಕರಿಸುವುದನ್ನು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಬಹಿಷ್ಕಾರವೆಂದು ಹೆಸರಿಸಿ ಶಿಕ್ಷಾರ್ಹ ಅಪರಾಧಕ್ಕೆ ಸೇರಿಸಿದೆ. ಆದರೆ ‘ನೀವು ಯಾವ ಜನ?’ ಎಂದು ಕೇಳಿ ತಿಳಿದ ಮೇಲೆ, ‘ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರು’ ಎಂದು ಹೇಳಿ ಕಳಿಸುವ ಮಾಲೀಕರ ಮೇಲೆ ಈ ಅಪರಾಧವನ್ನು ಸಾಬೀತು ಮಾಡುವುದು ಸುಲಭವಲ್ಲ. ದಲಿತರು ಮತ್ತು ಮುಸ್ಲಿಮರು ನಗರಗಳಲ್ಲಿ ಮನೆ ಹುಡುಕುವಾಗ ಎದುರಿಸುವ ಮುಖ್ಯ ಅಡ್ಡಿ ಇದೇ. ಬಾಡಿಗೆ ಕಾನೂನಿನ ಚರ್ಚೆಗಳಲ್ಲಿ ಇದಕ್ಕೆ ಸಿಗುವ ಜಾಗ ಮಾತ್ರ ತೀರಾ ಸಣ್ಣದು.

ಅಡ್ವಾನ್ಸ್ ಬೆಂಗಳೂರಿನ ವಿಶೇಷ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವ ಪದ್ಧತಿ ಇಲ್ಲಿ ಬಹುಕಾಲ ನಡೆದು ಬಂದಿದೆ. ಈಚೆಗೆ ಅಪಾರ್ಟ್‌ಮೆಂಟುಗಳಲ್ಲಿ ಐದಾರು ತಿಂಗಳಿಗೆ ಇಳಿದಿರುವುದೂ ಉಂಟು. ಈ ಮೊತ್ತಕ್ಕೆ ಬಡ್ಡಿ ಬರುವುದಿಲ್ಲ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟರೆ, ಶೇ 7ರ ಬಡ್ಡಿಯಲ್ಲಿ ವರ್ಷಕ್ಕೆ 14,000 ರೂಪಾಯಿ ಮಾಲೀಕರಿಗೆ ಸಿಕ್ಕಂತಾಯಿತು. ಅಂದರೆ ನಿಜವಾದ ಬಾಡಿಗೆ ತಿಂಗಳಿಗೆ ಸಾವಿರ ರೂಪಾಯಿಗೂ ಮೀರಿ ಹೆಚ್ಚು. ಬಾಡಿಗೆದಾರರು ಈ ಲೆಕ್ಕ ಹಾಕುವುದು ಅಪರೂಪ. ಅವರ ಚಿಂತೆ ಏನಿದ್ದರೂ ಅಸಲಿನದು.

ಆ ಅಸಲು ಕರಗುವುದು ಮನೆ ಖಾಲಿ ಮಾಡುವ ದಿನ. ಸಾಮಾನು ಲಾರಿಗೆ ಏರಿದ ಮೇಲೆ ಮಾಲೀಕರು ಖಾಲಿ ಮನೆಯಲ್ಲಿ ಒಂದು ಸುತ್ತು ಬರುತ್ತಾರೆ. ಗೋಡೆಗೆ ಹೊಡೆದ ಮೊಳೆ, ಅಡುಗೆಮನೆಯ ಕಟ್ಟೆಯ ಮೇಲಿನ ಕಲೆ, ತೊಟ್ಟಿಕ್ಕುವ ನಲ್ಲಿ, ಉರಿಯದ ಟ್ಯೂಬ್‌ಲೈಟು, ಬಚ್ಚಲಿನ ಕನ್ನಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವೆಲ್ಲಕ್ಕೂ ಮೇಲೆ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಪದ್ಧತಿಯೇ ಆಗಿಬಿಟ್ಟಿದೆ. ಇಲ್ಲಿ ಕಾನೂನಿನ ನಿಲುವು ಏನು? ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ನ್ಯಾಯವಾದ ಬಳಕೆಯಿಂದ ಆಗುವ ಸವೆತ ಬಾಡಿಗೆದಾರರ ಹೊಣೆಯಲ್ಲ ಎನ್ನುತ್ತದೆ 108ನೇ ಕಲಂ. ನಾಲ್ಕು ವರ್ಷ ವಾಸವಿದ್ದ ಮನೆಯ ಬಣ್ಣ ಮಾಸುವುದು ಸವೆತ, ಬಾಗಿಲು ಮುರಿದಿದ್ದರೆ ಅದು ಹಾನಿ. ಬರೇ ಕಾಯ್ದೆಯನ್ನು ನೋಡಿದರೆ ಸುಣ್ಣಬಣ್ಣದ ಕಡಿತಕ್ಕೆ ಆಧಾರವಿಲ್ಲ. ಆದರೆ ಈ ಕಲಮಿನ ನಿಯಮಗಳೆಲ್ಲ ಕರಾರಿನಲ್ಲಿ ಬೇರೆ ಏನೂ ಹೇಳದಿದ್ದಾಗ ಮಾತ್ರ ನಡೆಯುವಂಥವು. ‘ಖಾಲಿ ಮಾಡುವಾಗ ಪೇಂಟಿಂಗ್ ಖರ್ಚನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು’ ಎಂಬ ಸಾಲಿಗೆ ಸಹಿ ಹಾಕಿದವರಿಗೆ ಸವೆತದ ವಾದ ಉಳಿಯುವುದಿಲ್ಲ. ಒಂದು ತಿಂಗಳ ಬಾಡಿಗೆಗೂ ನಿಜವಾದ ಬಣ್ಣದ ಖರ್ಚಿಗೂ ಇರುವ ವ್ಯತ್ಯಾಸವನ್ನು ಆಗಲೂ ಪ್ರಶ್ನಿಸಬಹುದು, ಬಿಲ್ಲು ಕೇಳಬಹುದು. ಮನೆಗೆ ಬಂದ ದಿನವೇ ಗೋಡೆ, ನೆಲ, ಬಾಗಿಲುಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳಿಸಿಟ್ಟವರ ವಾದಕ್ಕೆ ತೂಕ ಹೆಚ್ಚು.

ಅಡ್ವಾನ್ಸ್ ವಾಪಸು ಬರದಿದ್ದರೆ ವಕೀಲರ ಮೂಲಕ ನೋಟಿಸು, ಬಳಿಕ ಹಣ ವಸೂಲಿಗೆ ಸಿವಿಲ್ ದಾವೆ. ಕಾಲಮಿತಿ ಮೂರು ವರ್ಷ. ಬಾಕಿ ಬಾಡಿಗೆ ವಸೂಲಿಗೆ ಮಾಲೀಕರಿಗೂ ಅಷ್ಟೇ ಅವಧಿ. ನಲವತ್ತು ಐವತ್ತು ಸಾವಿರಕ್ಕಾಗಿ ದಾವೆ ಹೂಡಿ ವರ್ಷಗಟ್ಟಲೆ ಕಾಯುವವರು ವಿರಳ, ಮಾಲೀಕರಿಗೂ ಅದು ಗೊತ್ತು. ಅದಕ್ಕೇ ಅನುಭವಸ್ಥ ಬಾಡಿಗೆದಾರರು ಕೊನೆಯ ಕೆಲವು ತಿಂಗಳು ಬಾಡಿಗೆ ಕೊಡದೆ ‘ಅಡ್ವಾನ್ಸಲ್ಲಿ ಮುರ್ಕೊಳ್ಳಿ’ ಎನ್ನುತ್ತಾರೆ. ಕರಾರಿನಲ್ಲಿ ಅವಕಾಶವಿಲ್ಲದಿದ್ದರೆ ಇದು ಬಾಡಿಗೆ ಬಾಕಿಯೇ. ಆದರೂ ಪರಿಹಾರ ದೂರವಿರುವಲ್ಲಿ ಜನ ಕಂಡುಕೊಂಡ ದಾರಿ ಇದು, ಅನೇಕ ಮಾಲೀಕರು ಇದಕ್ಕೆ ಒಪ್ಪುವುದೂ ಉಂಟು.

ವಾಸದ ಅವಧಿಯಲ್ಲಿ ಬಾಡಿಗೆದಾರರಿಗೆ ನೆಮ್ಮದಿಯಿಂದ ಮನೆಯನ್ನು ಅನುಭವಿಸುವ ಹಕ್ಕಿದೆ. ಬಾಡಿಗೆ ಕೊಟ್ಟು ಷರತ್ತು ಪಾಲಿಸುತ್ತಿರುವ ತನಕ ಮಾಲೀಕರು ಅಡ್ಡಿಪಡಿಸುವಂತಿಲ್ಲ. ತಮ್ಮಲ್ಲಿರುವ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಒಳಬರುವುದು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಜಡಿಯುವುದು, ಬಂದುಹೋಗುವ ನೆಂಟರನ್ನು ವಿಚಾರಿಸುವುದು ಮಾಲೀಕತನದ ಭಾಗವಲ್ಲ. ಮೇಲಿನ ಮಹಡಿಯಲ್ಲೇ ಮಾಲೀಕರು ಇರುವ ಮನೆಗಳಲ್ಲಿ ಇದನ್ನು ಹೇಳಿ ದಕ್ಕಿಸಿಕೊಳ್ಳುವುದು ಬೇರೆ ಮಾತು. ದುರಸ್ತಿಯ ಬಗ್ಗೆ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಬಹುಜನರಿಗೆ ತಿಳಿಯದ ಒಂದು ಅನುಕೂಲ ಇದೆ. ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಮಂಜಸ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಾಲೀಕರು ಕಟ್ಟಬೇಕಾದ ತೆರಿಗೆಯಂಥ ಬಾಬತ್ತನ್ನು ಬಾಡಿಗೆದಾರರು ಕಟ್ಟಿದರೂ ಹಾಗೆಯೇ. ಸೋರುವ ಸೂರು, ಒಡೆದ ಒಳಚರಂಡಿ ಕೊಳವೆ, ಕೆಟ್ಟ ವೈರಿಂಗ್ ಮಾಲೀಕರಿಗೆ ಸೇರುತ್ತವೆ. ಬಲ್ಬು, ವಾಷರು, ಕಟ್ಟಿಕೊಂಡ ಸಿಂಕ್ ವಾಡಿಕೆಯಲ್ಲಿ ಬಾಡಿಗೆದಾರರ ಪಾಲು.

ನೀರು ಮತ್ತು ಕರೆಂಟು ಒತ್ತಡ ಹೇರುವ ಹಳೆಯ ಅಸ್ತ್ರಗಳು. ಬಾಡಿಗೆದಾರರನ್ನು ಎಬ್ಬಿಸಬೇಕೆಂದಾಗ ಮೋಟಾರು ‘ಕೆಟ್ಟು ಹೋಗುತ್ತದೆ’. ಅಗತ್ಯ ಸೌಲಭ್ಯ ಕಡಿತಗೊಳಿಸುವುದನ್ನು ಬಾಡಿಗೆ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆಯ ಹೊರಗಿನ ಮನೆಗಳಲ್ಲಿ ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಬಹುದು. ವಿದ್ಯುತ್ ಮೂಲಭೂತ ಸೌಕರ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ತಪ್ಪಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಈ ಸಂಬಂಧಕ್ಕೆ ಹೊಸದೊಂದು ಎಳೆ ಸೇರಿಸಿತು. ತಿಂಗಳಿಗೆ 200 ಯೂನಿಟ್ ಮಿತಿಯ ಉಚಿತ ವಿದ್ಯುತ್ತಿಗೆ ಬಾಡಿಗೆದಾರರೂ ಅರ್ಹರು. ಮನೆಯ ಆರ್‌ಆರ್ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿದರೆ ಸಾಕು. ಮೂರು ಸಂಸಾರಕ್ಕೆ ಒಂದೇ ಮೀಟರು ಇಟ್ಟು ಒಳಮೀಟರಿನಲ್ಲಿ ದುಡ್ಡು ವಸೂಲು ಮಾಡುವ ವಠಾರದಂಥ ಕಟ್ಟಡಗಳಲ್ಲಿ ಮಾತ್ರ ಈ ಲಾಭ ಮನೆಮನೆಗೆ ತಲುಪುವುದಿಲ್ಲ.

ಬಾಡಿಗೆ ಏರಿಕೆಗೆ ಕರಾರೇ ಆಧಾರ. ವರ್ಷಕ್ಕೆ ಶೇ 5 ಅಥವಾ 10 ಎಂದು ಬರೆದುಕೊಳ್ಳುವುದು ರೂಢಿ. ಅವಧಿಯ ನಡುವೆ ಏಕಪಕ್ಷೀಯವಾಗಿ ಏರಿಸಲು ಮಾಲೀಕರಿಗೆ ಹಕ್ಕಿಲ್ಲ, ಅವಧಿ ಮುಗಿದ ಮೇಲೆ ಎಷ್ಟು ಕೇಳಿದರೂ ತಡೆಯುವವರಿಲ್ಲ.

ತಿಂಗಳ ಬಾಡಿಗೆಯ ಪಕ್ಕದಲ್ಲೇ ಬೆಂಗಳೂರು, ಮೈಸೂರು ಮುಂತಾದೆಡೆ ಇನ್ನೊಂದು ಪದ್ಧತಿ ಇದೆ. ಆಡುಮಾತಿನಲ್ಲಿ ಅದನ್ನು ‘ಲೀಸ್’ ಅಥವಾ ಭೋಗ್ಯ ಎನ್ನುತ್ತಾರೆ. ಹತ್ತೋ ಹದಿನೈದೋ ಲಕ್ಷ ರೂಪಾಯಿಯನ್ನು ಒಂದೇ ಗಂಟಿನಲ್ಲಿ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಪೂರ್ತಿ ಮೊತ್ತ ವಾಪಸು. 15 ಲಕ್ಷಕ್ಕೆ ಶೇ 7ರಂತೆ ಬಡ್ಡಿ ಹಿಡಿದರೆ ತಿಂಗಳಿಗೆ 8,750 ರೂಪಾಯಿ ಬಾಡಿಗೆ ಬಿದ್ದಂತೆ. ಅದೇ ಮನೆಗೆ ಹೊರಗೆ ಹದಿನೈದು ಸಾವಿರ ಬಾಡಿಗೆ ಇದ್ದರೆ ಭೋಗ್ಯದವರಿಗೆ ಲಾಭವೇ. ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬೇಕಾದ ಮಾಲೀಕರಿಗೆ ಅದು ಬ್ಯಾಂಕಿನ ಓಡಾಟವಿಲ್ಲದೆ ಸಿಗುವ ಸಾಲ.

ಅದು ಸಾಲವೇ ಎಂಬುದರಲ್ಲಿ ಅಪಾಯವೂ ಅಡಗಿದೆ. ಮನೆಯನ್ನು ಸ್ವಾಧೀನಕ್ಕೆ ಕೊಟ್ಟು, ಅದರ ಉಪಯೋಗವನ್ನೇ ಬಡ್ಡಿಯಾಗಿ ಬಿಟ್ಟು ಹಣ ಪಡೆಯುವುದು ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ಹೇಳುವ ಭೋಗ್ಯ ಅಡಮಾನದ ಲಕ್ಷಣ. 59ನೇ ಕಲಮಿನಂತೆ ಅಂಥ ಅಡಮಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಬೇಕು. ನೋಂದಣಿಯಾಗಿದ್ದರೆ ಭೋಗ್ಯದಾರರ ಸ್ಥಾನ ಬಹಳ ಭದ್ರ, ಹಣ ವಾಪಸು ಬರುವ ತನಕ ಮನೆಯನ್ನು ಬಿಡಬೇಕಾಗಿಲ್ಲ. ಆದರೆ ಸ್ವಾಧೀನ ಸಹಿತ ಅಡಮಾನಕ್ಕೆ ಮುದ್ರಾಂಕ ಶುಲ್ಕ ಹೆಚ್ಚು ಎಂಬ ಕಾರಣಕ್ಕೆ ಬಹುಪಾಲು ಜನ ಇದನ್ನೂ 11 ತಿಂಗಳ ಅಗ್ರಿಮೆಂಟಿನ ನಮೂನೆಯಲ್ಲೇ ಬರೆಸುತ್ತಾರೆ. ಹದಿನೈದು ಲಕ್ಷ ಕೊಟ್ಟವರ ಕೈಯಲ್ಲಿ ಉಳಿಯುವುದು ಸಾಮಾನ್ಯ ಬಾಡಿಗೆದಾರರ ಹಕ್ಕು, ಅದೂ ತಿಂಗಳಿಂದ ತಿಂಗಳಿಗೆ.

ಮನೆ ಅದಾಗಲೇ ಬ್ಯಾಂಕಿಗೆ ಅಡವಾಗಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಮಾಲೀಕರು ಕಂತು ತಪ್ಪಿಸಿದಾಗ ಬ್ಯಾಂಕು ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಬಾಗಿಲಿಗೆ ನೋಟಿಸು ಅಂಟಿಸುತ್ತದೆ. ಮಾಲೀಕರ ಸಾಲದ ಸುದ್ದಿ ಭೋಗ್ಯದವರಿಗೆ ಮುಟ್ಟುವುದು ಎಷ್ಟೋ ಸಲ ಆ ಕಾಗದದಿಂದಲೇ. ಬಾಯಿಮಾತಿನ ಅಥವಾ ನೋಂದಾಯಿಸದ ಕರಾರಿನ ಬಾಡಿಗೆದಾರರು ಇಂಥ ಸಂದರ್ಭದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ರಕ್ಷಣೆ ಕೇಳಲಾರರು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಮಾನಿಸಿದೆ. ನಗರದಲ್ಲಿ ಈಚೆಗೆ ಬೆಳೆದ ಇನ್ನೊಂದು ವಂಚನೆಯ ಮಾದರಿಯೂ ಉಂಟು. ಮಧ್ಯವರ್ತಿಗಳು ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಅದನ್ನೇ ಬೇರೆಯವರಿಗೆ ಲಕ್ಷಗಟ್ಟಲೆ ಹಣಕ್ಕೆ ಭೋಗ್ಯಕ್ಕೆ ಕೊಡುತ್ತಾರೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಕಟ್ಟಿ ಆಮೇಲೆ ನಾಪತ್ತೆಯಾಗುತ್ತಾರೆ. ಬಾಡಿಗೆ ಬರದ ಮಾಲೀಕರೂ ಹಣ ಕಳೆದುಕೊಂಡ ಸಂಸಾರವೂ ಒಂದೇ ಬಾಗಿಲಲ್ಲಿ ಎದುರುಬದುರು ನಿಲ್ಲುತ್ತಾರೆ. ಭೋಗ್ಯಕ್ಕೆ ಹಣ ಕೊಡುವ ಮುನ್ನ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ, ಖಾತೆ ಯಾರ ಹೆಸರಲ್ಲಿದೆ ಎಂದು ನೋಡಿ, ಆ ಹೆಸರಿನವರ ಬ್ಯಾಂಕ್ ಖಾತೆಗೇ ಹಣ ಹಾಕುವುದು ಕನಿಷ್ಠ ಎಚ್ಚರಿಕೆ. ನೋಂದಣಿಯಾಗದ ಅಡಮಾನಗಳು ಋಣಭಾರ ಪತ್ರದಲ್ಲಿ ಕಾಣುವುದಿಲ್ಲವಾದ್ದರಿಂದ ಮೂಲಪತ್ರಗಳನ್ನು ಕಣ್ಣಾರೆ ನೋಡುವುದು ಒಳ್ಳೆಯದು. ಮೂಲಪತ್ರ ಬ್ಯಾಂಕಿನಲ್ಲಿದೆ ಎಂದರೆ ವಿಷಯ ಅಲ್ಲೇ ತಿಳಿಯಿತು.

ಪಿಜಿಗಳಲ್ಲಿ ಇರುವವರು ಕಾನೂನಿನ ಕಣ್ಣಿನಲ್ಲಿ ಬಹುಶಃ ಬಾಡಿಗೆದಾರರೇ ಅಲ್ಲ. ಕೋಣೆಯ ಪೂರ್ಣ ಸ್ವಾಧೀನ ಅವರಿಗೆ ಇರುವುದಿಲ್ಲ, ಊಟ ಮತ್ತು ಸ್ವಚ್ಛತೆ ನಡೆಸುವವರದೇ. ಅದು ಇರಲು ಕೊಟ್ಟ ಅನುಮತಿ ಮಾತ್ರ, ಕಾನೂನಿನ ಮಾತಿನಲ್ಲಿ ಲೈಸೆನ್ಸ್. ಬಾಡಿಗೆಯೋ ಲೈಸೆನ್ಸೋ ಎಂಬುದನ್ನು ಪತ್ರದ ತಲೆಬರಹ ನಿರ್ಧರಿಸುವುದಿಲ್ಲ, ಪಕ್ಷಗಾರರ ನಿಜವಾದ ಉದ್ದೇಶ ಮತ್ತು ಸ್ವಾಧೀನದ ಸ್ವರೂಪ ನಿರ್ಧರಿಸುತ್ತವೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ ಹೇಳಿದೆ. ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಟ್ಟು ಪತ್ರದ ಮೇಲೆ ‘ಲೀವ್ ಅಂಡ್ ಲೈಸೆನ್ಸ್’ ಎಂದು ಬರೆಸಿದರೆ ಬಾಡಿಗೆದಾರರ ಹಕ್ಕು ತನ್ನಷ್ಟಕ್ಕೆ ಅಳಿಯುವುದಿಲ್ಲ.

ಬಾಡಿಗೆ ಕೊನೆಗೊಳ್ಳುವ ಬಗೆಗಳು ಹಲವು. ಅವಧಿ ಮುಗಿಯಬಹುದು, ಇಬ್ಬರೂ ಒಪ್ಪಿ ಬಿಡಬಹುದು, ಷರತ್ತು ಮುರಿದ ಕಾರಣಕ್ಕೆ ರದ್ದಾಗಬಹುದು, ನೋಟಿಸಿನಿಂದ ಮುಗಿಯಬಹುದು. ತಿಂಗಳ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಕೇಳುವುದು ಬರೇ 15 ದಿನಗಳ ಲಿಖಿತ ನೋಟಿಸು. ಕರಾರಿನಲ್ಲಿ ಒಂದು ಅಥವಾ ಎರಡು ತಿಂಗಳು ಎಂದಿದ್ದರೆ ಅದೇ ನಡೆಯುತ್ತದೆ. ಹಿಂದೆ ನೋಟಿಸಿನಲ್ಲಿ ದಿನದ ಲೆಕ್ಕ ಒಂದು ತಪ್ಪಿದರೂ ದಾವೆ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಬಾಡಿಗೆ ಬಾಕಿಯ ಕಾರಣಕ್ಕೆ ಕರಾರು ರದ್ದಾದಾಗ, ವಿಚಾರಣೆಯ ವೇಳೆಗೆ ಬಾಕಿ, ಬಡ್ಡಿ ಮತ್ತು ಖರ್ಚನ್ನು ಕಟ್ಟಿದರೆ ಬಾಡಿಗೆದಾರರನ್ನು ಉಳಿಸುವ ಅಧಿಕಾರ 114ನೇ ಕಲಮಿನಡಿ ನ್ಯಾಯಾಲಯಕ್ಕೆ ಇದೆ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಾ ಹೋದರೆ ಅದು ಮುಂದುವರಿದ ಬಾಡಿಗೆಯಾಗುತ್ತದೆ. ಹೊಸ ಅಗ್ರಿಮೆಂಟು ಬರೆಸದೆ ವರ್ಷಗಟ್ಟಲೆ ನಡೆಯುವ ಮನೆಗಳೆಲ್ಲ ಈ ಗುಂಪಿಗೆ ಸೇರುತ್ತವೆ.

ನೋಟಿಸಿನ ಅವಧಿ ಮುಗಿದರೂ ಬಾಡಿಗೆದಾರರು ಬಿಡದಿದ್ದರೆ ಮಾಲೀಕರಿಗೆ ಉಳಿದ ದಾರಿ ತೆರವಿನ ದಾವೆ ಮಾತ್ರ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಇಂಥ ದಾವೆಗಳನ್ನು ನೋಡುತ್ತದೆ. ಬೀಗ ಬದಲಿಸುವುದು, ಸಾಮಾನು ಬೀದಿಗೆ ಹಾಕುವುದು, ಹುಡುಗರನ್ನು ಕಳಿಸಿ ಬೆದರಿಸುವುದು ಅಪರಾಧವೂ ಆಗಬಹುದು. ಹೀಗೆ ಹೊರದಬ್ಬಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಮನೆ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ, ಕಾನೂನಿನ ದಾರಿ ಬಿಟ್ಟು ಹೊರಹಾಕಿದ್ದು ಹೌದೇ ಅಲ್ಲವೇ ಎಂಬುದಷ್ಟೇ. ನೆಲೆಯಾಗಿ ಸ್ವಾಧೀನದಲ್ಲಿ ಇರುವವರನ್ನು, ಅವರಿಗೆ ಮುಂದೆ ಇರುವ ಹಕ್ಕು ಇಲ್ಲದಿದ್ದರೂ, ಕಾನೂನಿನ ಮೂಲಕವೇ ಹೊರಹಾಕಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ 1989ರ ತೀರ್ಪಿನಲ್ಲೂ ಅನಂತರದ ತೀರ್ಪುಗಳಲ್ಲೂ ಎತ್ತಿಹಿಡಿದಿದೆ. ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರು’ ಎಂದು ಕೈಚೆಲ್ಲುವುದು ಸಾಮಾನ್ಯ. ಮಾಲೀಕರು ತೆರವು ಮಾಡಿಸಿಕೊಡಿ ಎಂದು ಬಂದಾಗ ಆ ಉತ್ತರ ಸರಿ. ಬೀಗ ಒಡೆಸಿಕೊಂಡ ಬಾಡಿಗೆದಾರರು ಬಂದಾಗ ಅದೇ ಉತ್ತರ ತಪ್ಪು.

ಈ ರಕ್ಷಣೆಯನ್ನೇ ದುರುಪಯೋಗ ಮಾಡುವ ಬಾಡಿಗೆದಾರರೂ ಇದ್ದಾರೆ. ಬಾಡಿಗೆ ನಿಲ್ಲಿಸಿ, ಸಮನ್ಸು ತಪ್ಪಿಸಿ, ಮೇಲ್ಮನವಿಯಲ್ಲಿ ತಡೆ ತಂದು ಕಾಲ ತಳ್ಳುತ್ತಾರೆ. ಮಕ್ಕಳು ಊರಲ್ಲಿಲ್ಲದ, ಪಿಂಚಣಿಯ ಜೊತೆಗೆ ಕೆಳಮನೆಯ ಬಾಡಿಗೆಯನ್ನೇ ನಂಬಿದ ವೃದ್ಧ ಮಾಲೀಕರಿಗೆ ಇದು ತಡೆಯಲಾರದ ಪೆಟ್ಟು. ಬಾಡಿಗೆ ಮುಗಿದ ನಂತರದ ಅವಧಿಗೆ ಮಾರುಕಟ್ಟೆ ದರದಲ್ಲಿ ನಷ್ಟಪರಿಹಾರ ಕೇಳುವ ಹಕ್ಕು ಮಾಲೀಕರಿಗಿದೆ. ತೆರವಿನ ಆದೇಶಕ್ಕೆ ಮೇಲ್ಮನವಿಯಲ್ಲಿ ತಡೆ ಕೊಡುವಾಗ ಅಂಥ ಮೊತ್ತವನ್ನು ಕಟ್ಟುವಂತೆ ಷರತ್ತು ಹಾಕಬಹುದೆಂದು ಸುಪ್ರೀಂ ಕೋರ್ಟ್ 2004ರ ತೀರ್ಪೊಂದರಲ್ಲಿ ಹೇಳಿದೆ.

ಬಾಡಿಗೆ ಕಾಯ್ದೆಯೊಳಗಿನ ಹಳೆಯ ಮನೆಗಳಲ್ಲಿ ನೋಟಿಸು ಮಾತ್ರ ಸಾಲದು. 27ನೇ ಕಲಂ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕು: ಬೇಡಿಕೆ ನೋಟಿಸು ಕೊಟ್ಟು ಎರಡು ತಿಂಗಳಾದರೂ ಬಾಕಿ ಕಟ್ಟದಿರುವುದು, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ಮಾಲೀಕರ ಸ್ವಂತ ವಾಸಕ್ಕೆ ಪ್ರಾಮಾಣಿಕವಾಗಿ ಬೇಕಿರುವುದು ಮುಂತಾದವು. ವಿಧವೆಯರು, ಸೇನೆಯಲ್ಲಿ ಇರುವವರಂಥ ಕೆಲವು ಮಾಲೀಕರಿಗೆ ಬೇಗ ಸ್ವಾಧೀನ ಸಿಗುವ ವಿಶೇಷ ಅವಕಾಶ ಇದೆ. ಬಾಡಿಗೆದಾರರು ತೀರಿಕೊಂಡರೆ ಅವರ ಜೊತೆ ವಾಸವಿದ್ದ ಪತಿ ಅಥವಾ ಪತ್ನಿಗೆ, ಇಲ್ಲದಿದ್ದರೆ ಮಕ್ಕಳಿಗೆ, ಹೀಗೆ ಕ್ರಮವಾಗಿ ಐದು ವರ್ಷಗಳ ಮಟ್ಟಿಗೆ ಹಕ್ಕು ಸಾಗುತ್ತದೆ. ಹಳೆಯ ನಿಯಂತ್ರಣದ ಕಾಲದಂತೆ ತಲೆಮಾರುಗಟ್ಟಲೆ ಅಲ್ಲ.

ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ ಎಂಬ ನಂಬಿಕೆ ಊರೂರಲ್ಲೂ ಇದೆ. ಅದಕ್ಕೇ ಎಷ್ಟೋ ಮಾಲೀಕರು ಒಳ್ಳೆಯ ಬಾಡಿಗೆದಾರರನ್ನೂ ಐದಾರು ವರ್ಷಕ್ಕೆ ಎಬ್ಬಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಪ್ರತಿಕೂಲ ಸ್ವಾಧೀನಕ್ಕೆ ನಿಜವಾದ ಮಾಲೀಕರ ಹಕ್ಕನ್ನು ಬಹಿರಂಗವಾಗಿ ಅಲ್ಲಗಳೆದು ಇರುವ ಸ್ವಾಧೀನ ಬೇಕು. ಬಾಡಿಗೆದಾರರು ಇರುವುದೇ ಮಾಲೀಕರ ಅನುಮತಿಯಿಂದ, ತಮ್ಮನ್ನು ಒಳಗೆ ಬಿಟ್ಟವರ ಒಡೆತನವನ್ನು ಬಾಡಿಗೆ ನಡೆಯುವ ತನಕ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಅವರಿಗೆ ಬಿಡುವುದಿಲ್ಲ. ಹನ್ನೆರಡು ವರ್ಷದ ಲೆಕ್ಕ ಇರುವುದು ಬೇರೆಡೆ: ಬಾಡಿಗೆ ಕೊನೆಗೊಂಡ ದಿನದಿಂದ ಅಷ್ಟು ವರ್ಷದೊಳಗೆ ಮಾಲೀಕರು ಸ್ವಾಧೀನಕ್ಕೆ ದಾವೆ ಹೂಡಬೇಕು.

ನಡುವೆ ಮನೆ ಮಾರಾಟವಾದರೆ ಬಾಡಿಗೆ ಮುಗಿಯುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ, ಕರಾರು ಅವರನ್ನೂ ಕಟ್ಟುತ್ತದೆ. ಅಡ್ವಾನ್ಸ್ ಹಣ ಹೊಸಬರಿಗೆ ವರ್ಗವಾಯಿತೇ ಎಂಬುದನ್ನು ಆಗಲೇ ಬರಹದಲ್ಲಿ ಪಡೆಯದಿದ್ದರೆ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಆದಾಯ ತೆರಿಗೆಯ ಮಟ್ಟಿಗೆ ಎರಡು ಸಂಗತಿ ಸಾಕು. ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರರೇ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕು. 2024ರ ಅಕ್ಟೋಬರಿನಲ್ಲಿ ಅದರ ದರ ಶೇ 5ರಿಂದ 2ಕ್ಕೆ ಇಳಿಯಿತು. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರರು ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕು. ಪ್ಯಾನ್ ಕೊಡಲೊಪ್ಪದೆ ನಗದಿನಲ್ಲೇ ಬಾಡಿಗೆ ಕೇಳುವ ಮಾಲೀಕರಿಂದ ರಸೀದಿಯನ್ನಾದರೂ ಪಡೆಯದಿದ್ದರೆ, ನಾಳೆ ಬಾಡಿಗೆ ಕೊಟ್ಟದ್ದನ್ನೇ ಸಾಬೀತು ಮಾಡುವುದು ಕಷ್ಟವಾಗುತ್ತದೆ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಈ ಗೊಂದಲಗಳಲ್ಲಿ ಕೆಲವಕ್ಕೆ ಉತ್ತರ ಕೊಡಲು ನೋಡಿತು. ಬಾಡಿಗೆಗೆ ಮಿತಿ ಅದರಲ್ಲೂ ಇಲ್ಲ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು, ಎಲ್ಲ ಕರಾರುಗಳೂ ಲಿಖಿತವಾಗಿದ್ದು ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ಮಾಲೀಕರು ಮನೆಯೊಳಗೆ ಬರಬೇಕಾದರೆ 24 ಗಂಟೆ ಮುಂಚೆ ಹೇಳಬೇಕು ಎನ್ನುತ್ತದೆ. ಅವಧಿ ಮುಗಿದರೂ ಬಿಡದ ಬಾಡಿಗೆದಾರರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ವ್ಯಾಜ್ಯಗಳಿಗೆ ಸಿವಿಲ್ ನ್ಯಾಯಾಲಯದ ಬದಲು ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ನ್ಯಾಯಮಂಡಳಿ ಎಂಬ ಮೂರು ಮೆಟ್ಟಿಲು. ಎರಡೂ ಕಡೆಯ ದೊಡ್ಡ ಭಯಗಳನ್ನು, ಅಂದರೆ ಅಡ್ವಾನ್ಸ್ ಮುಳುಗುವ ಭಯ ಮತ್ತು ಮನೆ ಕೈತಪ್ಪುವ ಭಯವನ್ನು, ಒಟ್ಟಿಗೆ ಎತ್ತಿಕೊಂಡದ್ದು ಈ ಮಾದರಿಯ ಹೆಚ್ಚುಗಾರಿಕೆ. ಆದರೆ ಬಾಡಿಗೆ ಸಂಬಂಧ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ, ಆದ್ದರಿಂದ ಕೇಂದ್ರದ ಮಾದರಿ ಮಾದರಿಯಷ್ಟೇ. ಒಂದೊಂದು ರಾಜ್ಯವೂ ತನ್ನ ಕಾಯ್ದೆ ಮಾಡಿಕೊಳ್ಳಬೇಕು. ಉತ್ತರ ಪ್ರದೇಶ, ಅಸ್ಸಾಂ 2021ರಲ್ಲೇ ಹೊಸ ಕಾಯ್ದೆ ತಂದವು. ತಮಿಳುನಾಡು ಅದಕ್ಕೂ ಮೊದಲೇ 2017ರಲ್ಲಿ ಕಾಯ್ದೆ ಮಾಡಿ 2019ರಲ್ಲಿ ಜಾರಿಗೆ ತಂದಿತ್ತು. ಮಹಾರಾಷ್ಟ್ರದಲ್ಲಿ 1999ರ ಅಲ್ಲಿನ ಕಾಯ್ದೆಯಂತೆ ಪ್ರತಿ ಕರಾರನ್ನೂ ಲಿಖಿತವಾಗಿ ಮಾಡಿ ನೋಂದಾಯಿಸಬೇಕು, ಆ ಹೊಣೆ ಮಾಲೀಕರದು.

ಮಾದರಿ ಕಾಯ್ದೆಯನ್ನು ಒಂದು ರಾಜ್ಯ ಒಪ್ಪಿಕೊಂಡರೂ ಅದು ಅನ್ವಯಿಸುವುದು ಮುಂದೆ ಆಗುವ ಕರಾರುಗಳಿಗೆ. ಈಗಾಗಲೇ ನಡೆಯುತ್ತಿರುವ ಬಾಡಿಗೆಗಳು ಹಳೆಯ ಕಾನೂನಿನಲ್ಲೇ ಮುಂದುವರಿಯುತ್ತವೆ. ಇಂಥ ಬಾಡಿಗೆಗಳಿಗೆ ಸಿವಿಲ್ ದಾವೆಯ ಹೊರಗೆ ಇರುವ ದಾರಿ ಮಧ್ಯಸ್ಥಿಕೆ. ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಯ ಬಾಡಿಗೆ ವ್ಯಾಜ್ಯಗಳನ್ನು ಮಧ್ಯಸ್ಥಗಾರರ ಮುಂದೆ ತೀರಿಸಿಕೊಳ್ಳಬಹುದು, ಬಾಡಿಗೆ ನಿಯಂತ್ರಣ ಕಾಯ್ದೆಗಳ ವಿಶೇಷ ನ್ಯಾಯಾಲಯಗಳಿಗೆ ಒಪ್ಪಿಸಿದವನ್ನು ಹಾಗೆ ತೀರಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅದಕ್ಕೆ ಕರಾರು ಪತ್ರದಲ್ಲಿ ಮಧ್ಯಸ್ಥಿಕೆಯ ಷರತ್ತು ಇರಬೇಕು, ಇಲ್ಲವೇ ಜಗಳ ಎದ್ದ ಮೇಲಾದರೂ ಇಬ್ಬರೂ ಅದಕ್ಕೆ ಬರೆದು ಒಪ್ಪಬೇಕು. ಸ್ಟಾಂಪ್ ಅಂಗಡಿಯ ಸಿದ್ಧ ನಮೂನೆಗಳಲ್ಲಿ ಆ ಷರತ್ತು ಕಾಣುವುದು ಕಡಿಮೆ.